ಮಾದರಿ ರೈಲಿಗೆ ನೆಲ ಕಟ್ಟುವಾಗ: ಯಾವ ಅಂಟು ಎಲ್ಲಿಗೆ, ಯಾವ ಮಣ್ಣು ಯಾತಕ್ಕೆ

ಮಾದರಿ ರೈಲಿನ ಎಂಜಿನ್ನು, ಬೋಗಿ, ಹಳಿಗಳನ್ನು ದುಡ್ಡು ಕೊಟ್ಟು ತರಿಸಿಕೊಳ್ಳಬಹುದು. ಅವುಗಳ ಸುತ್ತಲಿನ ನೆಲವನ್ನು ಮಾತ್ರ ನಾವೇ ಕಟ್ಟಿಕೊಳ್ಳಬೇಕು. ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಬರುವ ಕವಲು ದಾರಿಯ ಒಂದು ತುಣುಕನ್ನು 1:87ರ ಪ್ರಮಾಣದಲ್ಲಿ, ಅಂದರೆ ಎಚ್‌ಒ ಅಳತೆಯಲ್ಲಿ, ಮನೆಯ ಮಹಡಿಯ ಕೋಣೆಯಲ್ಲಿ ಕೆಲವು ವರ್ಷಗಳಿಂದ ಕಟ್ಟುತ್ತಿದ್ದೇನೆ. ಈ ಅವಧಿಯಲ್ಲಿ ನನ್ನ ದುಡ್ಡು ಹೆಚ್ಚಾಗಿ ಎಂಜಿನ್ನುಗಳಿಗೆ ಹೋಗಿದೆ, ದಿನಗಳು ಹೆಚ್ಚಾಗಿ ಅಂಟಿಗೆ ಹೋಗಿವೆ. ಹೊರದೇಶದ ಪುಸ್ತಕಗಳೂ ವಿಡಿಯೊಗಳೂ ಹೇಳುವ ಎಷ್ಟೋ ವಸ್ತುಗಳು ದಾವಣಗೆರೆ, ಚಿತ್ರದುರ್ಗದ ಅಂಗಡಿಗಳಲ್ಲಿ ಆ ಹೆಸರಿನಿಂದ ಸಿಗುವುದಿಲ್ಲ. ಸಿಕ್ಕರೂ ನಮ್ಮ ಬಯಲುಸೀಮೆಯ ಒಣ ಬಿಸಿಲಿನಲ್ಲಿ ಅಲ್ಲಿ ಹೇಳಿದಂತೆ ನಡೆದುಕೊಳ್ಳುವುದಿಲ್ಲ. ಆದ್ದರಿಂದ ಇಲ್ಲಿ ಸಿಗುವ ಅಂಟುಗಳನ್ನೂ ನೆಲ ಕಟ್ಟುವ ವಿಧಾನಗಳನ್ನೂ ಒಂದರ ಪಕ್ಕ ಒಂದಿಟ್ಟು, ಯಾವುದನ್ನು ಎಲ್ಲಿ ಆರಿಸಿಕೊಳ್ಳಬೇಕೆಂದು ಬರೆಯುತ್ತಿದ್ದೇನೆ.

ಅಂಟಿನ ಡಬ್ಬಿಯ ಮೇಲೆ ಸಾಮಾನ್ಯವಾಗಿ ಅದರ ಬಲವನ್ನು ಹೊಗಳಿರುತ್ತಾರೆ. ಮಾದರಿ ರೈಲಿಗೆ ಬಲ ಅಷ್ಟಾಗಿ ಬೇಕಿಲ್ಲ, ಏಕೆಂದರೆ ಇಲ್ಲಿ ಮರವೊಂದು ಕೆಲವೇ ಗ್ರಾಂ ತೂಗುತ್ತದೆ, ಹಳಿಯ ಮೇಲೆ ಓಡುವ ಎಂಜಿನ್ನು ಅರ್ಧ ಕಿಲೋ ಮುಟ್ಟುವುದೂ ಅಪರೂಪ. ನೋಡಬೇಕಾದದ್ದು ಎರಡು ಗುಣಗಳನ್ನು: ನಮ್ಮ ಊರಿನ ಹವೆಯಲ್ಲಿ ಆ ಅಂಟು ಎಷ್ಟು ಹೊತ್ತು ಹಸಿಯಾಗಿರುತ್ತದೆ ಮತ್ತು ನಾಳೆ ತಪ್ಪು ಕಂಡಾಗ ಅದನ್ನು ಬಿಡಿಸಲು ಬರುತ್ತದೆಯೇ. ಮುಂದೆ ಹೇಳುವ ಹೆಚ್ಚಿನ ಆಯ್ಕೆಗಳು ಈ ಎರಡು ಪ್ರಶ್ನೆಗಳಿಂದಲೇ ತೀರ್ಮಾನವಾಗುತ್ತವೆ.

ಬಿಳಿ ಅಂಟಿನಲ್ಲೇ ಮೂರು ಬಗೆ

ನಮ್ಮಲ್ಲಿ ಬಿಳಿ ಅಂಟು ಎಂದರೆ ಫೆವಿಕಾಲ್ ಎಂದೇ ಅರ್ಥ. 1959ರಲ್ಲಿ ಮಾರುಕಟ್ಟೆಗೆ ಬಂದ ಈ ಹೆಸರು ಇಂದು ವಸ್ತುವಿನ ಹೆಸರೇ ಆಗಿಬಿಟ್ಟಿದೆ. ರಸಾಯನದ ಭಾಷೆಯಲ್ಲಿ ಇದು ಪಾಲಿವಿನೈಲ್ ಅಸಿಟೇಟ್, ಚಿಕ್ಕದಾಗಿ ಪಿವಿಎ. ಇದರಲ್ಲಿರುವ ನೀರು ಆರಿದಂತೆ ಅಂಟಿನ ಕಣಗಳು ಒಂದಕ್ಕೊಂದು ಕೂಡಿ ಪದರವಾಗುತ್ತವೆ, ಬಿಳಿ ಬಣ್ಣ ಹೋಗಿ ಪಾರದರ್ಶಕವಾಗುತ್ತದೆ. ಮಕ್ಕಳ ಶಾಲೆಯ ಕೆಲಸಕ್ಕೆ ಸಣ್ಣ ಬಾಟಲಿಗಳಲ್ಲಿ ಸಿಗುವ ಎಂಆರ್, ಬಡಗಿಗಳು ಡಬ್ಬಿಗಟ್ಟಲೆ ಬಳಸುವ ಎಸ್‌ಎಚ್, ನೀರಿಗೆ ಜಗ್ಗದ ಮರೈನ್ ಎಂಬ ಮೂರು ಬಗೆಗಳನ್ನು ಇಲ್ಲಿನ ಹಾರ್ಡ್‌ವೇರ್ ಮತ್ತು ಸ್ಟೇಷನರಿ ಅಂಗಡಿಗಳಲ್ಲಿ ಕೇಳಿದೊಡನೆ ಕೊಡುತ್ತಾರೆ.

ಹಲಗೆಯ ಚೌಕಟ್ಟು, ಕಾಲುಗಳು, ಅಡ್ಡಪಟ್ಟಿಗಳಿಗೆ ಎಸ್‌ಎಚ್ ಸಾಕು. ಅಲ್ಲಿ ಬಡಗಿಯ ಮಾತು ಕೇಳುವುದೇ ಸರಿ. ಹಳಿ, ಜಲ್ಲಿ, ಮಣ್ಣು, ಹುಲ್ಲಿನ ಕೆಲಸಕ್ಕೆ ಬಂದಾಗ ಬಡಗಿಗೆ ಗುಣವಾದದ್ದು ನಮಗೆ ದೋಷವಾಗುತ್ತದೆ. ನಾನು ಮೊದಲ ಬಾರಿ ಜಲ್ಲಿ ಹಾಕಲು ಹೊರಟಾಗ ಅಂಗಡಿಯವರು, "ಸರ್, ಇದು ನೀರಿಗೂ ಬಿಡಲ್ಲ, ಇದನ್ನೇ ತಗೊಳ್ಳಿ" ಎಂದು ಜಲನಿರೋಧಕ ಅಂಟನ್ನು ಕೊಟ್ಟರು. ಅವರು ಹೇಳಿದ್ದು ನಿಜವೇ ಆಗಿತ್ತು. ಎಂಟು ತಿಂಗಳ ನಂತರ ನಿಲ್ದಾಣದ ಬಾಯಲ್ಲಿದ್ದ ಒಂದು ಪಾಯಿಂಟ್, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಹಳಿಯ ತುಂಡು, ಕೆಟ್ಟಾಗ ಅದನ್ನು ತೆಗೆಯಲು ಬಿಸಿನೀರು ಹಾಕಿದೆ, ರಾತ್ರಿಯಿಡೀ ಒದ್ದೆ ಬಟ್ಟೆ ಹೊದಿಸಿದೆ. ಒಂದು ಹರಳೂ ಅಲುಗಲಿಲ್ಲ. ಕೊನೆಗೆ ಉಳಿಯಿಂದ ಕೆತ್ತಿ ತೆಗೆಯುವಾಗ ಪಾಯಿಂಟ್ ಜೊತೆಗೆ ಪಕ್ಕದ ಎರಡು ಹಳಿಗಳೂ ಹೋದವು. ಸಾಮಾನ್ಯ ಪಿವಿಎ ಆಗಿದ್ದರೆ ಬೆಚ್ಚಗಿನ ನೀರು ಹಾಕಿ ಅರ್ಧ ಗಂಟೆ ಬಿಟ್ಟರೆ ಮೆತ್ತಗಾಗಿ, ಪುಟ್ಟಿ ಬ್ಲೇಡಿನಿಂದ ಹಳಿಯನ್ನು ಎಬ್ಬಿಸಬಹುದಿತ್ತು, ಜಲ್ಲಿಯನ್ನು ತೊಳೆದು ಮತ್ತೆ ಬಳಸಬಹುದಿತ್ತು. ಆದ್ದರಿಂದ ಹಲಗೆಯ ಮೇಲ್ಭಾಗದ ಯಾವ ಕೆಲಸಕ್ಕೂ ಜಲನಿರೋಧಕ ಅಂಟನ್ನು ಬಳಸಬೇಡಿ.

ಪಿವಿಎಗೆ ಇನ್ನೊಂದು ಮಿತಿಯಿದೆ. ಅದು ಒಣಗಬೇಕಾದರೆ ನೀರು ಹೊರಹೋಗಲು ದಾರಿ ಬೇಕು. ಎರಡು ದಪ್ಪ ಥರ್ಮಾಕೋಲ್ ಹಾಳೆಗಳ ನಡುವೆ ಇಡಿಯಾಗಿ ಬಳಿದು ಒತ್ತಿಟ್ಟರೆ ಅಂಚುಗಳು ಮಾತ್ರ ಒಣಗಿ, ನಡುವೆ ವಾರವಾದರೂ ಬಿಳಿಯಾಗಿ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಅಂಟನ್ನು ತೆಳ್ಳಗೆ ಗೆರೆಗೆರೆಯಾಗಿ ಹಚ್ಚಿ ಗಾಳಿಯಾಡಲು ಸಂದು ಬಿಡಬೇಕು, ಇಲ್ಲವೇ ಬೇರೆ ಅಂಟಿಗೆ ಹೋಗಬೇಕು.

ಹಳಿಯನ್ನು ಹಲಗೆಗೆ ಹಿಡಿಸುವುದು

ಪ್ಲೈವುಡ್ ಮೇಲೆ ನೇರವಾಗಿ ಹಳಿ ಹಾಕಿದರೆ ಇಡೀ ಹಲಗೆ ತಬಲಾದಂತೆ ಮೊಳಗುತ್ತದೆ. ಅದಕ್ಕಾಗಿ ನಡುವೆ ಒಂದು ಮೆತ್ತನೆಯ ಪಟ್ಟಿ ಬೇಕು. ಎಚ್‌ಒ ಅಳತೆಗೆ ಸುಮಾರು 5 ಮಿಲಿಮೀಟರ್ ದಪ್ಪದ ಕಾರ್ಕ್ ಪಟ್ಟಿ ರೂಢಿಯಲ್ಲಿದೆ. ಕಾರ್ಕ್ ಸಿಗದಿದ್ದರೆ ಕ್ರಾಫ್ಟ್ ಅಂಗಡಿಯ ಇವಿಎ ಫೋಮ್ ಹಾಳೆ ಆಗಬಹುದು, ಚಪ್ಪಲಿ ಅಟ್ಟೆಗೆ ಬಳಸುವ ರಬ್ಬರ್ ಶೀಟನ್ನು ಕತ್ತರಿಸಿಕೊಂಡರೂ ನಡೆಯುತ್ತದೆ. ನಾನು ಮೂರನ್ನೂ ಹಾಕಿ ನೋಡಿದ್ದೇನೆ. ಸದ್ದು ತಗ್ಗಿಸುವುದರಲ್ಲಿ ಇವಿಎ ಚೆನ್ನ. ಬಾಗದೆ ನೆಟ್ಟಗೆ ಕೂರುವುದರಲ್ಲಿ ಕಾರ್ಕ್ ಚೆನ್ನ. ಚಪ್ಪಲಿಯ ಶೀಟು ಅಗ್ಗ, ಆದರೆ ಅದರ ಅಂಚನ್ನು ಇಳಿಜಾರಾಗಿ ಕೊಯ್ಯುವುದು ಕಷ್ಟ.

ಇವನ್ನು ಅಂಟಿಸಲು ಅಂಗಡಿಯವರು ಮೊದಲು ತೋರಿಸುವುದು ಸನ್‌ಮೈಕಾ, ಚಪ್ಪಲಿ, ರೆಗ್ಜಿನ್‌ಗಳಿಗೆ ಹಚ್ಚುವ ಹಳದಿ ರಬ್ಬರ್ ಅಂಟು. ಫೆವಿಕಾಲ್ ಎಸ್‌ಆರ್ ಈ ಜಾತಿಯದು. ಎರಡೂ ಮೈಗಳಿಗೆ ಬಳಿದು, ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಿದರೆ ಆ ಕ್ಷಣವೇ ಕಚ್ಚಿಕೊಳ್ಳುತ್ತದೆ. ತೊಂದರೆ ಇರುವುದೂ ಅಲ್ಲೇ. ತಿರುವಿನಲ್ಲಿ ಪಟ್ಟಿಯನ್ನು ಒಂದು ಕೂದಲೆಳೆ ಸರಿಸಬೇಕೆಂದರೂ ಅದು ಬಿಡುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯವೆಂದರೆ ಇಂಥ ಅಂಟುಗಳಲ್ಲಿರುವ ಟೊಲುವಿನ್‌ನಂಥ ದ್ರಾವಕಗಳು ಥರ್ಮಾಕೋಲನ್ನು ಕರಗಿಸುತ್ತವೆ. ಅಡಿಯಲ್ಲಿ ಪ್ಲೈವುಡ್ ಇದ್ದರೆ ಕಾರ್ಕ್ ಪಟ್ಟಿಗೆ ಈ ಅಂಟನ್ನು ಧೈರ್ಯವಾಗಿ ಬಳಸಬಹುದು. ಥರ್ಮಾಕೋಲ್ ಇದ್ದರೆ ಡಬ್ಬಿಯ ಮುಚ್ಚಳವನ್ನೇ ತೆಗೆಯಬೇಡಿ.

ಪೇಂಟಿನ ಅಂಗಡಿಗಳಲ್ಲಿ ಕಿಟಕಿ ಚೌಕಟ್ಟು ಮತ್ತು ಗೋಡೆಯ ಸಂದು ಮುಚ್ಚಲು ಉದ್ದನೆಯ ಟ್ಯೂಬಿನಲ್ಲಿ ಸಿಗುವ ಅಕ್ರಿಲಿಕ್ ಸೀಲೆಂಟ್ ಇದೆ. ಹಳಿ ಹಾಕುವ ಕೆಲಸಕ್ಕೆ ನಾನು ಕೊನೆಗೆ ಬಂದು ನಿಂತದ್ದು ಇದರ ಹತ್ತಿರ. ಇದು ನೀರು ಆಧರಿಸಿದ್ದರಿಂದ ಥರ್ಮಾಕೋಲಿಗೆ ಏನೂ ಆಗುವುದಿಲ್ಲ. ಹಳಿಯನ್ನು ಒತ್ತಿದ ಮೇಲೂ ಹತ್ತು ನಿಮಿಷ ಅತ್ತಿತ್ತ ಸರಿಸಿ ತಿರುವನ್ನು ಸರಿಮಾಡಿಕೊಳ್ಳಬಹುದು. ಒಣಗಿದ ಮೇಲೆ ರಬ್ಬರಿನಂತೆ ಮೆತ್ತಗಿರುವುದರಿಂದ ಸದ್ದನ್ನೂ ಕೊಂಚ ನುಂಗುತ್ತದೆ. ಬೇಡವೆನಿಸಿದಾಗ ಅಗಲವಾದ ಪುಟ್ಟಿ ಬ್ಲೇಡನ್ನು ಸ್ಲೀಪರ್‌ಗಳ, ಅಂದರೆ ಹಳಿಯನ್ನು ಹೊತ್ತ ಅಡ್ಡಪಟ್ಟಿಗಳ, ಕೆಳಗೆ ಜಾರಿಸಿದರೆ ಹಳಿ ಇಡಿಯಾಗಿ ಎದ್ದು ಬರುತ್ತದೆ. ಮಾಡಬೇಕಾದ ಎಚ್ಚರಿಕೆ ಒಂದೇ: ಒಂದು ಸಣ್ಣ ಗೆರೆ ಹಾಕಿ ಬ್ಲೇಡಿನಿಂದ ಕಾಗದದಷ್ಟು ತೆಳ್ಳಗೆ ಸವರಬೇಕು, ಅಂಟು ಸ್ಲೀಪರ್‌ಗಳ ನಡುವಿನಿಂದ ಉಕ್ಕಿ ಮೇಲೆ ಬರಬಾರದು. ಇದೇ ರೀತಿಯ ಟ್ಯೂಬಿನಲ್ಲಿ ಸಿಗುವ ಸಿಲಿಕೋನನ್ನು ತರಬೇಡಿ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ, ಅದರಲ್ಲೂ ಹುಳಿ ವಾಸನೆ ಬರುವ ಬಗೆಯು ಒಣಗುವಾಗ ಬಿಡುವ ಅಸಿಟಿಕ್ ಆಮ್ಲ ಲೋಹಕ್ಕೆ ಒಳ್ಳೆಯದಲ್ಲ.

ಜಲ್ಲಿ

ಈ ಹವ್ಯಾಸದಲ್ಲಿ ನೋಡುವವರ ಕಣ್ಣು ಮೊದಲು ಹೋಗುವುದು ಜಲ್ಲಿಗೆ ಎಂಬುದು ನನ್ನ ಅನುಭವ. ಮನೆಗೆ ಬಂದವರು ಎಂಜಿನ್ನಿನ ಹೆಸರು ಕೇಳುವ ಮೊದಲೇ ಬಗ್ಗಿ ಹಳಿಯ ನಡುವಿನ ಕಲ್ಲುಗಳನ್ನು ನೋಡುತ್ತಾರೆ. ಆದ್ದರಿಂದ ಇಲ್ಲಿ ಸ್ವಲ್ಪ ಲೆಕ್ಕ ಹಾಕುವುದು ಒಳ್ಳೆಯದು. ಭಾರತೀಯ ರೈಲ್ವೆಯ ಹಳಿಗಳ ಕೆಳಗೆ ಹಾಕುವ ಜಲ್ಲಿ 65 ಮಿಲಿಮೀಟರ್ ಗಾತ್ರದ್ದು. ಅದನ್ನು 87ರಿಂದ ಭಾಗಿಸಿದರೆ ಮುಕ್ಕಾಲು ಮಿಲಿಮೀಟರ್ ಆಗುತ್ತದೆ; 1:160ರ ಎನ್ ಅಳತೆಯಲ್ಲಾದರೆ ಸುಮಾರು 0.4 ಮಿಲಿಮೀಟರ್. ಅಡುಗೆಮನೆಯ ಅಳತೆಯಲ್ಲಿ ಹೇಳುವುದಾದರೆ ರಾಗಿ ಕಾಳಿಗಿಂತ ಸಣ್ಣದು, ಚಿರೋಟಿ ರವೆಗಿಂತ ತುಸು ದಪ್ಪ. ಜೋಗಿಮಟ್ಟಿಯ ಕಡೆಯಿಂದ ತಂದ ಮರಳನ್ನೋ ಅಕ್ವೇರಿಯಂ ಕಲ್ಲನ್ನೋ ಹಾಗೆಯೇ ಸುರಿದರೆ ಹಳಿಯ ನಡುವೆ ಗುಂಡುಕಲ್ಲುಗಳು ಬಿದ್ದಂತೆ ಕಾಣುತ್ತದೆ.

ಹೊರದೇಶದಿಂದ ಬರುವ ಪೊಟ್ಟಣದ ಜಲ್ಲಿಯೂ ಇದೆ, ಕ್ರಷರ್‌ನ ಕಲ್ಲುಪುಡಿಯೂ ಇದೆ. ಪೊಟ್ಟಣದ್ದು ಒಂದೇ ಗಾತ್ರದ್ದು, ಸ್ವಚ್ಛವಾದದ್ದು. ಕೆಲವು ಬಗೆಗಳನ್ನು ಹಗುರವಾದ ಬೀಜದ ಸಿಪ್ಪೆಯಿಂದ ಮಾಡಿರುತ್ತಾರೆ, ಅವು ಅಂಟಿನ ನೀರು ಬಿದ್ದೊಡನೆ ತೇಲಿಹೋಗುತ್ತವೆ. ಕ್ರಷರ್‌ನ ಪುಡಿ ನಮ್ಮ ಗ್ರಾನೈಟಿನದೇ ಆದ್ದರಿಂದ ಅದರ ಬೂದು ಬಣ್ಣಕ್ಕೆ ಪೇಂಟ್ ಬೇಕಾಗುವುದಿಲ್ಲ, ಹರಳುಗಳಿಗೆ ಮೂಲೆಗಳಿರುತ್ತವೆ, ಭಾರವಾದ್ದರಿಂದ ಕೂತಲ್ಲಿ ಕೂತಿರುತ್ತವೆ. ಮನೆ ಕಟ್ಟುವ ಕಡೆ ಒಂದು ಬೊಗಸೆ ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಚಹಾ ಸೋಸುವ ಜಾಲರಿಯಲ್ಲಿ ಇಳಿದು ಹಿಟ್ಟಿನ ಜರಡಿಯಲ್ಲಿ ಉಳಿದದ್ದನ್ನು ಆರಿಸಿ, ನಾಲ್ಕು ನೀರಿನಲ್ಲಿ ತೊಳೆದು ಒಣಗಿಸಿಕೊಳ್ಳಿ. ತೊಳೆಯದಿದ್ದರೆ ಅದರ ನಯ ಧೂಳು ಅಂಟಿನೊಡನೆ ಸೇರಿ, ಜಲ್ಲಿಯ ಬದಲು ಸಿಮೆಂಟು ಬಳಿದಂತಾಗುತ್ತದೆ. ಈ ಹೋಲಿಕೆಯಲ್ಲಿ ನನಗೆ ಸಂದೇಹವೇ ಇಲ್ಲ, ಊರಿನ ಕಲ್ಲೇ ಮೇಲು.

ಒಂದು ಮಾತನ್ನು ಇಲ್ಲೇ ಸೇರಿಸಬೇಕು. ಅಂಗಡಿಯ ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರ್, ಅದು 1435 ಮಿಲಿಮೀಟರಿನ ಹಳಿಗೆ ಸರಿಹೊಂದುವ ಅಳತೆ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್ ಆದ್ದರಿಂದ ಅದಕ್ಕೆ 19.3 ಮಿಲಿಮೀಟರ್ ಇರಬೇಕಿತ್ತು. ಹಳಿಯನ್ನು ನಾವು ಅಗಲ ಮಾಡಲಾರೆವು. ಜಲ್ಲಿಯ ಹಾಸನ್ನು ಎರಡೂ ಬದಿಗೆ ನಾಲ್ಕೈದು ಮಿಲಿಮೀಟರ್ ಹೆಚ್ಚು ಹರಡಿದರೆ ಕಣ್ಣಿಗೆ ಆ ಕೊರತೆ ಅಷ್ಟಾಗಿ ತಾಗುವುದಿಲ್ಲ.

ಅಂಟಿಸುವ ಕ್ರಮ ಹೀಗಿದೆ. ಒಣ ಜಲ್ಲಿಯನ್ನು ಹರಡಿ, ಮೆತ್ತನೆಯ ಬ್ರಷ್ಷಿನಿಂದ ಸ್ಲೀಪರ್‌ಗಳ ಮೇಲಿನ ಹರಳುಗಳನ್ನೆಲ್ಲ ಕೆಳಗಿಳಿಸಬೇಕು. ಈಗ ಅಂಟಿನ ನೀರನ್ನು ನೇರವಾಗಿ ಹಾಕಿದರೆ ಹನಿ ಪಾದರಸದಂತೆ ಗುಂಡಗೆ ನಿಂತು, ಮೈತುಂಬ ಧೂಳು ಹೊದ್ದುಕೊಂಡು ಉರುಳಿಹೋಗುತ್ತದೆ, ಹೋದಲ್ಲೆಲ್ಲ ಗುಂಡಿ ಬೀಳುತ್ತದೆ. ಅದಕ್ಕೇ ಮೊದಲು ಒಂದು ಲೋಟ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ನಯವಾಗಿ ಸಿಂಪಡಿಸುವ ಬಾಟಲಿಯಿಂದ ಮಂಜಿನಂತೆ ಎರಚಬೇಕು. ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಆಲ್ಕೊಹಾಲನ್ನು ನೀರಿನೊಡನೆ ಬೆರೆಸಿದರೂ ಆದೀತು. ಆಮೇಲೆ ಒಂದು ಪಾಲು ಅಂಟಿಗೆ ಮೂರು ಪಾಲು ನೀರು ಸೇರಿಸಿ, ಸೂಜಿಯಿಲ್ಲದ ಸಿರಿಂಜಿನಿಂದ ಹಳಿಯ ನಡುವೆ ಒಂದೊಂದೇ ಹನಿ ಬಿಡಿ. ಹನಿ ಬಿದ್ದ ಜಾಗದಲ್ಲಿ ನಿಲ್ಲದೆ ಹರಳಿನಿಂದ ಹರಳಿಗೆ ತಾನೇ ದಾಟುತ್ತಾ ಹೋಗುತ್ತದೆ. ತಿಳಿಬೂದು ಬಣ್ಣದ ಜಲ್ಲಿ ಹಾಲು ಬೆರೆತ ಕಪ್ಪಾಗುತ್ತಾ ಸ್ಲೀಪರ್‌ನ ತುದಿಯವರೆಗೆ ಹರಿದು, ಪಕ್ಕದ ಹನಿಯನ್ನು ಕೂಡಿಕೊಳ್ಳುತ್ತದೆ. ಅಷ್ಟಾದರೆ ಅಂಟು ತಳ ಮುಟ್ಟಿದೆ ಎಂದರ್ಥ. ಪಾಯಿಂಟ್‌ಗಳ ಹತ್ತಿರ ಮಾತ್ರ ಈ ಹರಿಯುವ ಗುಣವೇ ವೈರಿ: ಜಾರುವ ತುಂಡಿನ ಕೆಳಗೆ ಅಂಟು ತಾನಾಗಿ ನುಗ್ಗಿ ಅದನ್ನು ಕಚ್ಚಿಸಿಬಿಡುತ್ತದೆ. ಅಲ್ಲಿ ಸಿರಿಂಜನ್ನು ಬದಿಗಿಟ್ಟು, ತೆಳ್ಳನೆಯ ಅಂಟನ್ನು ಮೊದಲೇ ಬ್ರಷ್ಷಿನಿಂದ ಸವರಿ ಅದರ ಮೇಲೆ ಹರಳು ಉದುರಿಸುವುದು ಕ್ಷೇಮ.

ಪಿವಿಎ ಬದಲಿಗೆ ಕಲಾವಿದರ ಬಣ್ಣದ ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ ಮ್ಯಾಟ್ ಮೀಡಿಯಂ ಬಳಸಬಹುದು. ಬೆಲೆ ಹಲವು ಪಟ್ಟು. ಅದರಿಂದ ಆಗುವ ಲಾಭವೆಂದರೆ, ಪಿವಿಎ ಹೆಚ್ಚಾದ ಕಡೆ ಕಾಣಿಸುವ ಹೊಳಪು ಇದರಲ್ಲಿ ಇರುವುದಿಲ್ಲ, ಒಣಗಿದ ಮೇಲೆ ಹೆಚ್ಚು ಬಾಗುವ ಗುಣವೂ ಇದಕ್ಕಿದೆ. ಪಿವಿಎಯಿಂದ ಗಟ್ಟಿಯಾದ ಜಲ್ಲಿ ಪಟ್ಟಿಯ ಎರಡೂ ಬದಿಯಿಂದ ಇಳಿದು ಪ್ಲೈವುಡ್ಡನ್ನು ಮುಟ್ಟಿದರೆ ಹಳಿಯ ಸದ್ದು ಆ ಸೇತುವೆಯ ಮೂಲಕ ನೇರವಾಗಿ ಹಲಗೆಗೆ ಇಳಿಯುತ್ತದೆ, ಮೆತ್ತನೆಯ ಪಟ್ಟಿ ಹಾಕಿದ್ದು ಅಷ್ಟರಮಟ್ಟಿಗೆ ವ್ಯರ್ಥವಾಗುತ್ತದೆ. ಮ್ಯಾಟ್ ಮೀಡಿಯಂ ಬಳಸಿದ ನನ್ನ ಮುಂಭಾಗದ ಹಳಿಯಲ್ಲಿ ಈ ತೊಂದರೆ ಕಡಿಮೆ. ಆದರೆ ಅಕ್ರಿಲಿಕ್ ಒಮ್ಮೆ ಒಣಗಿದರೆ ನೀರಿಗೆ ಬಿಡುವುದಿಲ್ಲ, ಆಲ್ಕೊಹಾಲಿನಿಂದ ಮೆತ್ತಗೆ ಮಾಡಬೇಕು. ಹೊಳಪು ಕಳೆಯುವ ಪುಡಿ ಡಬ್ಬಿಯ ತಳದಲ್ಲಿ ಕೂತಿರುತ್ತದೆ, ಕಲಕದೆ ಬಳಸಿದರೆ ಕೊಟ್ಟ ದುಡ್ಡು ದಂಡ. ಮುಂಭಾಗದ ಎರಡು ಅಡಿಗೆ, ಛಾಯಾಚಿತ್ರ ತೆಗೆಯುವ ಜಾಗಕ್ಕೆ ಮ್ಯಾಟ್ ಮೀಡಿಯಂ, ಉಳಿದೆಡೆಗೆಲ್ಲ ಸಾಮಾನ್ಯ ಪಿವಿಎ ಎಂಬುದು ನನ್ನ ಲೆಕ್ಕ.

ಕೆಮ್ಮಣ್ಣು, ಎರೆಮಣ್ಣು

ನೆಲದ ಮೇಲ್ಪದರಕ್ಕೆ ನಿಜವಾದ ಮಣ್ಣನ್ನೇ ಬಳಸುವವರ ಪಕ್ಷ ನನ್ನದು. ಬಣ್ಣ ಹಚ್ಚಿದ ಗರಗಸದ ಹೊಟ್ಟು ದೂರದಿಂದ ಮಣ್ಣಿನಂತೆ ಕಂಡರೂ ಹತ್ತಿರಕ್ಕೆ ನಾರುನಾರಾಗಿ ಕಾಣುತ್ತದೆ. ಆದರೆ ಚಿತ್ರದುರ್ಗದ ಮಣ್ಣಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. ಕಬ್ಬಿಣದ ಅದಿರು ತೆಗೆಯುವ ಜಿಲ್ಲೆ ಇದು. ಇಲ್ಲಿನ ಮಣ್ಣಿನಲ್ಲಿ ಅಯಸ್ಕಾಂತಕ್ಕೆ ಅಂಟುವ ಕಣಗಳಿರುತ್ತವೆ. ಜರಡಿ ಹಿಡಿದ ಕೆಮ್ಮಣ್ಣನ್ನು ಹಳೆಯ ಪತ್ರಿಕೆಯ ಮೇಲೆ ತೆಳ್ಳಗೆ ಹರಡಿ, ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೇಲಿನಿಂದ ನಿಧಾನವಾಗಿ ಆಡಿಸಿ. ಕೆಂಪಿನ ನಡುವಿನಿಂದ ಕಪ್ಪು ಕಣಗಳು ಜಿಗಿದು ಚೀಲಕ್ಕೆ ಹತ್ತಿ, ಬೆಕ್ಕಿನ ಮೀಸೆಯಂತೆ ನಿಮಿರಿ ನಿಲ್ಲುತ್ತವೆ. ಅಯಸ್ಕಾಂತವನ್ನು ಚೀಲದಿಂದ ಹೊರತೆಗೆದರೆ ಅವು ತಾವಾಗಿ ಉದುರುತ್ತವೆ. ಏನೂ ಹತ್ತದ ತನಕ ನಾಲ್ಕೈದು ಬಾರಿ ಹೀಗೆ ಮಾಡಬೇಕು. ಇದನ್ನು ಬಿಟ್ಟರೆ ಆ ಕಣಗಳು ಒಂದಲ್ಲ ಒಂದು ದಿನ ಎಂಜಿನ್ನಿನ ಮೋಟರಿನ ಅಯಸ್ಕಾಂತಕ್ಕೆ ಹೋಗಿ ಕೂರುತ್ತವೆ, ಆಮೇಲೆ ಮೋಟರನ್ನು ಬಿಚ್ಚದೆ ಗತಿಯಿಲ್ಲ. ಹುಳು, ಮೊಟ್ಟೆಗಳು ಉಳಿಯದಂತೆ ಮಣ್ಣನ್ನು ಹಳೆಯ ಬಾಣಲೆಯಲ್ಲಿ ಹುರಿದುಕೊಳ್ಳುವುದೂ ಅಗತ್ಯ.

ದಾವಣಗೆರೆ ಕಡೆಯ ಹೊಲಗಳನ್ನು ತೋರಿಸುವವರು ಎರೆಮಣ್ಣನ್ನು ಬಯಸುತ್ತಾರೆ. ಎರೆ ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರಿಯುವ ಮಣ್ಣು. ಅಂಟಿನ ನೀರಿಗೂ ಅದು ಹಾಗೆಯೇ ಮಾಡುತ್ತದೆ. ದಪ್ಪಗೆ ಹಾಕಿದರೆ ಎರಡು ದಿನಕ್ಕೆ ಚಕ್ಕೆಚಕ್ಕೆಯಾಗಿ ಎದ್ದು ಬರುತ್ತದೆ. ಕೆಳಗೆ ಕಪ್ಪು ಮಿಶ್ರಿತ ಕಂದು ಬಣ್ಣ ಬಳಿದು, ಅದರ ಮೇಲೆ ನೀರು ಬೆರೆಸದ ಅಂಟನ್ನು ತೆಳ್ಳಗೆ ಸವರಿ, ಎರೆಯನ್ನು ಕೇವಲ ಉದುರಿಸಿ ಒತ್ತಿದರೆ ನಿಲ್ಲುತ್ತದೆ. ಬೇಸಿಗೆಯ ಬಿರುಕುಬಿಟ್ಟ ಹೊಲವನ್ನೇ ತೋರಿಸಬೇಕೆಂದಿದ್ದರೆ ಮಾತ್ರ ದಪ್ಪಗೆ ಹಾಕಿ. ಬಣ್ಣದಿಂದ ಬರೆಯಲಾಗದ ಬಿರುಕುಗಳು ತಾವಾಗಿ ಮೂಡುತ್ತವೆ.

ಬೆಟ್ಟ ಮತ್ತು ಬಂಡೆ

ಬೆಟ್ಟದ ಒಡಲಿಗೆ ಥರ್ಮಾಕೋಲ್, ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮತ್ತು ಕಾಗದದ ರೊಟ್ಟು ಇವು ನಮಗೆ ಸುಲಭವಾಗಿ ಸಿಗುವ ದಾರಿಗಳು. ಥರ್ಮಾಕೋಲ್ ಹಗುರ, ಆದರೆ ಕೊಯ್ದಾಗ ಬಿಳಿ ಗುಂಡುಗಳು ಕೋಣೆಯೆಲ್ಲ ಹಾರಿ ಹಳಿಗಳಿಗೆ ಅಂಟುತ್ತವೆ, ಬಿಸಿ ತಂತಿಯಿಂದ ಕೊಯ್ದರೆ ಹೊಗೆ ಉಸಿರಾಟಕ್ಕೆ ಕೆಟ್ಟದ್ದು, ಕಿಟಕಿ ತೆರೆದೇ ಮಾಡಬೇಕು. ಕಾಗದವನ್ನು ನೆನೆಸಿ ರುಬ್ಬಿ ಮೈದಾ ಅಂಟಿನೊಡನೆ ಕಲಸುವ ರೊಟ್ಟಿಗೆ ಬಹುತೇಕ ಖರ್ಚೇ ಇಲ್ಲ. ಒಣಗಲು ದಿನಗಟ್ಟಲೆ ಬೇಕು, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಮೈದಾ ಇರುವಲ್ಲಿಗೆ ಜಿರಳೆ ಬರುತ್ತದೆ. ಪುಸ್ತಕ ಕಟ್ಟುವವರು ಇದಕ್ಕಾಗಿಯೇ ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ. ಕೊಪ್ಪಳದ ಕಿನ್ನಾಳದ ಬೊಂಬೆ ಮಾಡುವವರು ಹುಣಸೆ ಬೀಜದ ಅಂಟಿನಲ್ಲಿ ಗೋಣಿನಾರು, ಮರದ ಪುಡಿ ಕಲಸಿ ಕಿಟ್ಟ ಎಂಬ ಲೇಪ ಮಾಡುತ್ತಾರೆ. ಸಣ್ಣ ಗುಡ್ಡದ ಮೇಲೆ ಅಂಥದೊಂದು ಲೇಪವನ್ನು ಪ್ರಯತ್ನಿಸಿದೆ; ಅಷ್ಟು ಸೊಗಸಾಗಿ ಕೆತ್ತಲು ಬರುವ ಮೈಯನ್ನು ನಾನು ಬೇರೆ ಯಾವ ವಸ್ತುವಿನಲ್ಲೂ ಕಂಡಿಲ್ಲ. ಆದರೆ ಇಡೀ ಬೆಟ್ಟಕ್ಕೆ ಅದು ಆಗದ ಮಾತು.

ದೊಡ್ಡ ಬೆಟ್ಟಕ್ಕೆ ನಾನು ಹೇಳುವುದು ಮೆಡಿಕಲ್ ಶಾಪಿನಲ್ಲಿ ಮುರಿದ ಕೈಕಾಲಿಗೆ ಸುತ್ತಲು ಮಾರುವ ಪ್ಲಾಸ್ಟರ್ ಬ್ಯಾಂಡೇಜು. ಉಂಡೆ ಮಾಡಿದ ಪತ್ರಿಕೆಗಳ ಮೇಲೋ ಕೋಳಿ ಜಾಲರಿಯ ಮೇಲೋ ಅದನ್ನು ಒದ್ದೆ ಮಾಡಿ ಎರಡು ಮೂರು ಪದರ ಹಾಸಿದರೆ, ಅರ್ಧ ಗಂಟೆಯಲ್ಲಿ ಮೊಟ್ಟೆಯ ಚಿಪ್ಪಿನಂಥ ಟೊಳ್ಳು ಬೆಟ್ಟ ಸಿದ್ಧವಾಗುತ್ತದೆ. ಮೇಲೆ ಬಳಿಯುವ ಪಿಒಪಿಗೆ ಒಂದು ಚಮಚ ರೆಡ್ ಆಕ್ಸೈಡ್ ಪುಡಿ ಬೆರೆಸಿಕೊಳ್ಳಿ. ಮುಂದೆ ಎಲ್ಲಾದರೂ ಚಕ್ಕೆ ಎದ್ದರೆ ಬಿಳಿಯ ಬದಲು ಕೆಮ್ಮಣ್ಣು ಕಾಣುತ್ತದೆ. ಪುಡಿಯನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಪುಡಿಗೆ ಹಾಕಬಾರದು, ಉಳಿದದ್ದನ್ನು ಸಿಂಕಿನಲ್ಲಿ ತೊಳೆಯಲೇಬಾರದು, ಅದು ಪೈಪಿನೊಳಗೇ ಕಲ್ಲಾಗುತ್ತದೆ.

ಬಂಡೆಯ ವಿಷಯದಲ್ಲಿ ಹೊರಗಿನ ವಿಧಾನಗಳು ನಮಗೆ ನಿಜವಾಗಿ ಕೈಕೊಡುತ್ತವೆ. ಮಾರಾಟಕ್ಕೆ ಸಿಗುವ ರಬ್ಬರ್ ಅಚ್ಚುಗಳು ಹೆಚ್ಚಾಗಿ ಪದರಪದರವಾದ, ಸೀಳು ಬಿದ್ದ ಕಲ್ಲಿನ ಗೋಡೆಗಳನ್ನು ಕೊಡುತ್ತವೆ. ದುರ್ಗದ ಏಳು ಸುತ್ತಿನ ಕೋಟೆಯ ಮೇಲೆ ನಿಂತು ನೋಡಿದವರಿಗೆ ಗೊತ್ತು, ನಮ್ಮ ಬಂಡೆಗಳು ಗುಂಡಗೆ, ಒಂದರ ಮೇಲೊಂದು ಪೇರಿಸಿಟ್ಟಂತೆ ಇರುತ್ತವೆ, ಮಳೆನೀರು ಇಳಿದ ಕಡೆ ಕಪ್ಪು ಪಟ್ಟೆಗಳಿರುತ್ತವೆ. ಐದು ಮೀಟರಿನ ಬಂಡೆ 1:87ರಲ್ಲಿ ಸುಮಾರು 57 ಮಿಲಿಮೀಟರ್ ಆಗುತ್ತದೆ, ಅಂದರೆ ಒಂದು ಮಧ್ಯಮ ಗಾತ್ರದ ಈರುಳ್ಳಿಯಷ್ಟು. ಇದಕ್ಕೆ ಹೊಳೆಗಲ್ಲು ತೀರ ನುಣುಪು, ಕ್ರಷರ್ ಕಲ್ಲು ತೀರ ಚೂಪು, ಎರಡೂ ಭಾರ. ಥರ್ಮಾಕೋಲ್ ತುಂಡನ್ನು ಕೈಯಿಂದಲೇ ಮುರಿದು, ಉಪ್ಪುಕಾಗದದಿಂದ ಉಜ್ಜಿ ಗುಂಡಗೆ ಮಾಡಿ, ಗೋಡೆಗೆ ಹಚ್ಚುವ ಪುಟ್ಟಿಗೆ ಸ್ವಲ್ಪ ಫೆವಿಕಾಲ್ ಮತ್ತು ಜರಡಿ ಹಿಡಿದ ಮರಳು ಕಲಸಿ ಎರಡು ಕೈ ಬಳಿಯುವುದು ನನಗೆ ಸಿಕ್ಕ ಉತ್ತಮ ದಾರಿ. ಒಂದೇ ಕೈ ಬಳಿದರೆ ಥರ್ಮಾಕೋಲಿನ ಗುಂಡುಗಳ ಗುರುತು ಸೀತಾಫಲದ ಸಿಪ್ಪೆಯಂತೆ ಮೇಲೆದ್ದು ಕಾಣುತ್ತದೆ. ಬೂದು ಮಿಶ್ರಿತ ಹಳದಿ ಬಣ್ಣ ಆರಿದ ಮೇಲೆ, ತುಂಬ ನೀರು ಮಾಡಿದ ಕಪ್ಪನ್ನು ಬಂಡೆಯ ನೆತ್ತಿಯಿಂದ ಹನಿಹನಿಯಾಗಿ ಇಳಿಬಿಡಿ. ಪಟ್ಟೆಗಳನ್ನು ಬ್ರಷ್ಷಿನಿಂದ ಎಳೆಯಲು ಹೋಗಬೇಡಿ. ಹಿನ್ನೆಲೆಗೆ ಗಾಳಿಯಂತ್ರಗಳನ್ನು ನಿಲ್ಲಿಸುವ ಆಸೆ ಇರುವವರು ಅಳತೆ ನೆನಪಿಡಬೇಕು: 50 ಮೀಟರಿನ ಕಂಬ ಈ ಪ್ರಮಾಣದಲ್ಲಿ 57 ಸೆಂಟಿಮೀಟರ್ ಆಗಿ ಬೆಟ್ಟವನ್ನೇ ಮುಚ್ಚುತ್ತದೆ. ಅದನ್ನು ಎನ್ ಅಳತೆಗಿಂತಲೂ ಚಿಕ್ಕದಾಗಿ ಮಾಡಿ ಹಿಂದೆ ನಿಲ್ಲಿಸಿದರೆ ದೂರವೂ ಕಾಣುತ್ತದೆ.

ಹುಲ್ಲು, ತೋಟ, ಗದ್ದೆ

ಇಲ್ಲಿ ಮಾತ್ರ ನಾನು ಹೊರಗಿನಿಂದ ತರಿಸುವ ವಸ್ತುವಿನ ಪರ. ಮಿಕ್ಸಿಯಲ್ಲಿ ರುಬ್ಬಿ ಬಣ್ಣ ಹಾಕಿದ ಸ್ಪಂಜು ಪೊದೆಗಳಿಗೂ ಮರದ ಎಲೆಗಳಿಗೂ ಸೊಗಸಾಗುತ್ತದೆ, ಆದರೆ ನಿಂತ ಹುಲ್ಲಾಗುವುದಿಲ್ಲ. ತೆಂಗಿನ ನಾರನ್ನು ಚಿಕ್ಕದಾಗಿ ಕತ್ತರಿಸಿ ಬೇಲಿಸಾಲಿನ ಒಣಹುಲ್ಲಿನ ಬುಡಗಳನ್ನು ಮಾಡಬಹುದು, ಬಯಲನ್ನೆಲ್ಲ ಹಾಗೆ ತುಂಬಲಾಗದು. ನೈಲಾನ್ ಎಳೆಗಳನ್ನು ವಿದ್ಯುತ್ ಆವೇಶದಿಂದ ನೆಟ್ಟಗೆ ನಿಲ್ಲಿಸುವ ಸ್ಟ್ಯಾಟಿಕ್ ಗ್ರಾಸ್ ಯಂತ್ರ ಕೊಡುವ ಫಲಕ್ಕೆ ಬೇರೆ ಸಾಟಿಯಿಲ್ಲ. ನಮ್ಮ ಸೀಮೆಗೆ 2 ಮತ್ತು 4 ಮಿಲಿಮೀಟರಿನ ಹುಲ್ಲುಗಂದು ಬಣ್ಣದ ಎಳೆಗಳೇ ಹೆಚ್ಚು ಬೇಕಾಗುತ್ತವೆ. ಪೊಟ್ಟಣದಲ್ಲಿ ಬರುವ ಕಡುಹಸಿರು ಇಲ್ಲಿ ಮಳೆಯಾದ ಎರಡು ತಿಂಗಳಿಗೆ ಮಾತ್ರ ಸತ್ಯ. ಸೊಳ್ಳೆ ಬ್ಯಾಟನ್ನು ಬಿಚ್ಚಿ ಈ ಯಂತ್ರ ಮಾಡುವವರಿದ್ದಾರೆ. ಅದರ ಆವೇಶ ಉದ್ದ ಎಳೆಗಳಿಗೆ ಸಾಲದು, ಕೈಗೆ ಹೊಡೆಯುವ ಅಪಾಯವೂ ಇರುವುದರಿಂದ ನಾನು ಬೇಡವೆನ್ನುತ್ತೇನೆ.

ಇದಕ್ಕೆ ಬೇಕಾದ ಅಂಟು ನೀರಿನಂಶ ಇರುವ, ವಿದ್ಯುತ್ ಹರಿಯಬಲ್ಲ ಪಿವಿಎ. ಏಪ್ರಿಲ್ ಮಧ್ಯಾಹ್ನದಲ್ಲಿ ಬಳಿದ ಅಂಟಿಗೆ ಐದು ನಿಮಿಷದೊಳಗೆ ಕೆನೆ ಕಟ್ಟುತ್ತದೆ, ಕೆನೆ ಕಟ್ಟಿದ ಮೇಲೆ ಎಳೆಗಳು ಚುಚ್ಚಿಕೊಳ್ಳದೆ ಮಲಗುತ್ತವೆ. ಆದ್ದರಿಂದ ಫ್ಯಾನು ನಿಲ್ಲಿಸಿ, ನೆಲಕ್ಕೆ ನೀರು ಚಿಮುಕಿಸಿ, ಅಂಗೈಯಗಲದ ಜಾಗಕ್ಕಷ್ಟೇ ಅಂಟು ಬಳಿದು ಮುಂದುವರಿಯಬೇಕು.

ಚನ್ನಗಿರಿ ಕಡೆಯ ಅಡಿಕೆ ತೋಟಕ್ಕೆ ಯಾವ ಕಂಪನಿಯ ಮರವೂ ಸಿಗುವುದಿಲ್ಲ. 15 ಮೀಟರಿನ ಅಡಿಕೆ ಮರ 17 ಸೆಂಟಿಮೀಟರ್ ಆಗುತ್ತದೆ. ಒಂದೂವರೆ ಮಿಲಿಮೀಟರ್ ದಪ್ಪದ ಪೊರಕೆ ಕಡ್ಡಿ ಈ ಅಳತೆಯಲ್ಲಿ 13 ಸೆಂಟಿಮೀಟರಿನ ಕಾಂಡವಾಗುತ್ತದೆ. ತೆಂಗಿನ ಗರಿಯ ಪೊರಕೆ ಇರುವ ಮನೆಯಲ್ಲಿ ತೋಟಕ್ಕೆ ಬೇಕಾದ ಕಾಂಡಗಳೆಲ್ಲ ಇದ್ದಂತೆಯೇ. ಭದ್ರಾ ನಾಲೆಯ ಗದ್ದೆಗಳಿಗೆ ಹಳೆಯ ಟರ್ಕಿ ಟವೆಲನ್ನು ಹಸಿರು ಬಣ್ಣದಲ್ಲಿ ಅದ್ದಿ, ಎಳೆಗಳನ್ನು ಬಾಚಿ ಅಂಟಿಸುವುದು ಹಳೆಯ ಉಪಾಯ. ದೂರದ ಗದ್ದೆಗೆ ಅದು ಸಾಕು.

ಬೇಗ ಹಿಡಿಯುವ ಅಂಟುಗಳು

ಅಡಿಕೆ ಮರದ ಸುಳಿಗೆ ಕಾಗದದ ಗರಿಗಳನ್ನು ಕೂರಿಸುವಂಥ ಕೆಲಸಕ್ಕೆ ಫೆವಿಕ್ವಿಕ್ ಜಾತಿಯ ಅಂಟು ಬೇಕಾಗುತ್ತದೆ. ಇದು ಗಾಳಿಯ ತೇವದಿಂದ ಗಟ್ಟಿಯಾಗುತ್ತದೆ. ಸಂದು ತುಂಬಬೇಕಾದಲ್ಲಿ ಒಂದು ಚಿಟಿಕೆ ಅಡುಗೆ ಸೋಡಾ ಉದುರಿಸಿದರೆ ತಟ್ಟನೆ ಕಲ್ಲಾಗುತ್ತದೆ. ಬೋಗಿಯ ಕಿಟಕಿಯ ಗಾಜಿಗೆ ಇದನ್ನು ಬಳಸಿದರೆ ಬಿಳಿ ಮಂಜು ಕವಿಯುತ್ತದೆ, ಅಲ್ಲಿ ಪಿವಿಎ ಸಾಕು. ಥರ್ಮಾಕೋಲನ್ನು ಇದು ತಿನ್ನುತ್ತದೆ. ದಾವಣಗೆರೆಯವರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ: ಹತ್ತಿ ಗಿರಣಿಯ ಅಂಗಳ ಕಟ್ಟುವಾಗ ನಿಜವಾದ ಹತ್ತಿಯ ಅಂಡಿಗೆಗಳನ್ನು ಈ ಅಂಟಿನಿಂದ ಅಂಟಿಸಬೇಡಿ. ಹತ್ತಿಗೆ ಇದು ತಾಗಿದೊಡನೆ ಚರ್ಮ ಸುಡುವಷ್ಟು ಶಾಖ ಹುಟ್ಟುತ್ತದೆ, ಹೊಗೆಯೂ ಏಳಬಹುದು. ಹತ್ತಿಯ ಬಟ್ಟೆಯಿಂದ ಒರೆಸಲೂ ಹೋಗಬೇಡಿ.

ಲೋಹಕ್ಕೆ ಲೋಹ, ಲೋಹಕ್ಕೆ ಪ್ಲಾಸ್ಟಿಕ್ ಆದರೆ ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಎಪಾಕ್ಸಿ. ಪ್ಲಾಸ್ಟಿಕ್ ಕಟ್ಟಡಗಳ ಕಿಟ್‌ಗೆ ಆ ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ತೆಳ್ಳನೆಯ ದ್ರಾವಕ; ಪೈಪಿಗೆ ಹಚ್ಚುವ ಸಿಮೆಂಟ್ ದಪ್ಪನಾದ್ದರಿಂದ ಅಂಚುಗಳ ನಯಗಾರಿಕೆಯನ್ನು ಹಾಳುಮಾಡುತ್ತದೆ. ಗ್ಲೂಗನ್ ತಾತ್ಕಾಲಿಕ ಹಿಡಿತಕ್ಕೆ ಮಾತ್ರ, ಅದರಲ್ಲೂ ಥರ್ಮಾಕೋಲಿನಿಂದ ದೂರ.

ಯಾವ ಕೆಲಸ ಯಾವ ತಿಂಗಳಿಗೆ

ಅಂಟಿನ ಆಯ್ಕೆ ಋತುವಿನ ಆಯ್ಕೆಯೂ ಹೌದು. ಕಾಗದದ ರೊಟ್ಟು, ಪುಟ್ಟಿ, ಪಿಒಪಿ ಬೆಟ್ಟಗಳಿಗೆ ಮಾರ್ಚಿನಿಂದ ಮೇ ತನಕದ ಬಿಸಿಲು ವರ, ಒದ್ದೆ ಬೆಟ್ಟ ಮೂರೇ ದಿನಕ್ಕೆ ಒಳಗಿನವರೆಗೆ ಒಣಗುತ್ತದೆ. ಜಲ್ಲಿಗೆ ಮಳೆಗಾಲವೇ ಚೆನ್ನ. ಅಂಟು ನಿಧಾನವಾಗಿ ಆರುವುದರಿಂದ ತಳದವರೆಗೆ ಇಳಿಯಲು ಸಮಯ ಸಿಗುತ್ತದೆ, ಹಳಿಯ ತಲೆಯ ಮೇಲೆ ಬಿದ್ದ ಹನಿಗಳನ್ನು ಒರೆಸಿಕೊಳ್ಳಲೂ ಬಿಡುವಿರುತ್ತದೆ. ಒಂದು ಹನಿ ಉಳಿದರೂ ಎಂಜಿನ್ನು ಅಲ್ಲಿ ಮುಗ್ಗರಿಸುತ್ತದೆ, ಆದ್ದರಿಂದ ಮಾರನೆಯ ದಿನ ಆಲ್ಕೊಹಾಲಿನ ಬಟ್ಟೆಯಿಂದ ಹಳಿಯನ್ನು ಉಜ್ಜದೆ ಕರೆಂಟು ಕೊಡಬಾರದು. ಸ್ಟ್ಯಾಟಿಕ್ ಹುಲ್ಲಿಗೆ ಮಳೆಗಾಲ ಆಗಿಬರುವುದಿಲ್ಲ, ಗಾಳಿಯ ತೇವಕ್ಕೆ ಆವೇಶ ಸೋರಿ ಎಳೆಗಳು ಗಂಟುಕಟ್ಟುತ್ತವೆ. ಬೇಸಿಗೆಯಲ್ಲಿ ಎಳೆ ನಿಮಿರುತ್ತದೆ, ಅಂಟು ನಿಲ್ಲದು. ಡಿಸೆಂಬರ್, ಜನವರಿಯಲ್ಲಿ ಗಾಳಿ ಒಣಗಿದ್ದೂ ಬಿಸಿಲು ಎಳೆಯದಾಗಿರುವುದರಿಂದ ಎರಡೂ ಕೂಡಿ ಬರುತ್ತವೆ. ನನ್ನ ಹಲಗೆಯಲ್ಲಿ ನಿಲ್ದಾಣಕ್ಕೆ ಒಳಬರುವ ರೈಲಿಗೆ ಅನುಮತಿ ಕೊಡುವ ಹೋಮ್ ಸಿಗ್ನಲಿನಿಂದ ಮೊದಲ ಬಂಡೆಯವರೆಗಿನ ಒಂದೂವರೆ ಅಡಿ ನೆಲ ಅದಕ್ಕಾಗಿಯೇ ಈಗ ಬರಿಯ ಕೆಮ್ಮಣ್ಣಾಗಿ ಉಳಿದಿದೆ.